ಅತ್ತೆ ಮೆತ್ತದೆ ಬಿಟ್ಟ ಸಂದು

ಮೊಗುಡಂಪಲ್ಲಿಯ ನಮ್ಮ ಮಣ್ಣಿನ ಮನೆಯಲ್ಲಿ, ಮಳೆಯ ಎರಚಲು ಒಳಗೆ ಬಾರದಂತೆ, ಕಿಟಕಿ ಚೌಕಟ್ಟಿನ ಸುತ್ತಲಿನ ಸಂದುಗಳಿಗೆ ಅತ್ತೆ ಪ್ರತಿವರ್ಷ ಮಣ್ಣು, ಹೊಟ್ಟು, ಸಗಣಿ ಕಲಸಿ ಮೆತ್ತುತ್ತಾರೆ. ಪಕ್ಕದ ಮನೆಯ ಅಂಗಳದ ಕಡೆಗಿರುವ ಕಿಟಕಿಯಲ್ಲಿ ಮಾತ್ರ ಬೆರಳು ತೂರುವಷ್ಟು ಸಂದು ಬಿಡುತ್ತಾರೆ.

"ಇದ್ಯಾಕ ಬಿಟ್ರಿ?" ಎಂದೆ.

"ಗ್ವಾಡಿಗಿ ಗಾಳಿ ಬೇಕವ್ವಾ," ಎಂದರು.

ಉಳಿದ ಗೋಡೆಗಳಿಗೆ ಬೇಡವೇ? ನನಗೆ ಅಂದೇ ಗುಮಾನಿ ಬಂತು.

ಮೊನ್ನೆ ಆ ಅಂಗಳದಲ್ಲಿ ಕೂತು, ಪಕ್ಕದ ಮನೆಯಾಕೆಯ ಮುಂದೆ ಅತ್ತೆಯ ಸಾರು ಬರೀ ನೀರೆಂದು ಆಡಿಕೊಂಡು ಬಂದೆ. ಊಟಕ್ಕೆ ಕೂತರೆ ಅತ್ತೆ, "ನನ್ನ ಸಾರು ನೀರಂತಲ್ಲ, ನಾಳಿಂದ ನೀನ ಮಾಡು," ಎಂದರು.

ಮರುದಿನ ಅವರು ಹೊಲಕ್ಕೆ ಹೋದದ್ದೇ ತಡ, ಸಂದು ಮುಚ್ಚಲು ಹಸಿಮಣ್ಣು ಹಿಡಿದು ನಿಂತೆ. ಆಚೆ ಪಕ್ಕದ ಮನೆಯಾಕೆ ಫೋನಿನಲ್ಲಿ ಯಾರಿಗೋ, "ಅತ್ತಿ ಒಳ್ಳೆಯಾಕಿ, ಆ ಸೊಸಿನೇ..." ಎನ್ನುತ್ತಿದ್ದಳು.

ಮಣ್ಣು ನನ್ನ ಕೈಯಲ್ಲೇ ಒಣಗಿತು.