ಹುಬ್ಬಳ್ಳಿಗೆ ಅತ್ತೆಯ ಜೊತೆ

ಮದುವೆಯಾದ ಮೊದಲ ವರ್ಷ ಅತ್ತೆ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಜಗಳವೇನಿರಲಿಲ್ಲ. ನಾನು ಹುಬ್ಬಳ್ಳಿಯವಳು, ಅವರು ರಾಜಾಜಿನಗರದಲ್ಲಿ ಬೆಳೆದು ವಿಜಯನಗರಕ್ಕೆ ಸೊಸೆಯಾಗಿ ಬಂದವರು. ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ.

ಆ ವರ್ಷವೇ ನನ್ನ ತಂಗಿಯ ಮದುವೆ. ಅತ್ತೆ, ನಾನು ಇಬ್ಬರೂ ಮುಂಚಿತವಾಗಿ ಹಗಲು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ತುಮಕೂರಿನವರೆಗೂ ಅತ್ತೆ ಕಿಟಕಿಯತ್ತಲೇ ಮುಖ ಮಾಡಿದ್ದರು. ಸಿರಾ ದಾಟುವಾಗ ಅವರಿಗೆ ವಾಂತಿಯಾಯಿತು. ಹಣೆ ಹಿಡಿದುಕೊಂಡೆ, ಸೆರಗು ಒರೆಸಿದೆ, ನಿಂಬೆಹಣ್ಣು ಮೂಸಲು ಕೊಟ್ಟೆ. ಚಿತ್ರದುರ್ಗದ ಗುಡ್ಡಗಳು ಕಾಣುವ ಹೊತ್ತಿಗೆ ಅವರು ಸುಧಾರಿಸಿಕೊಂಡು, “ನಿಂಗೆ ಸಿಟ್ಟು ಬರಲ್ವೇನೇ? ಇಷ್ಟು ದಿನ ನಿನ್ನ ಸರಿಯಾಗಿ ಮಾತೇ ಆಡಿಸಿಲ್ಲ ನಾನು” ಎಂದರು.

“ನಾ ಮಾತಾಡಿದ್ರ ಎಲ್ಲಿ ತಪ್ಪಾಗ್ತದೋ ಅಂತ ನನಗ ಹೆದರಿಕಿ ಇತ್ರೀ ಅತ್ತಿ.”

“ನಂಗೂ ಅದೇ ಹೆದರಿಕೆ ಕಣೇ” ಎಂದು ನಕ್ಕರು. ಹಾವೇರಿ ಬರುವಷ್ಟರಲ್ಲಿ ತಾವು ಹೊಸ ಸೊಸೆಯಾಗಿದ್ದಾಗ ಬಚ್ಚಲುಮನೆಯಲ್ಲಿ ಕೂತು ಅತ್ತಿದ್ದನ್ನೆಲ್ಲ ಹೇಳಿ, ನನ್ನ ಭುಜಕ್ಕೆ ಒರಗಿ ನಿದ್ದೆಹೋದರು.

ಹೋದ ವರ್ಷ ನನ್ನ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಲೇಬೇಕೆಂದು ಅತ್ತೆ ಹಟ ಹಿಡಿದರು. ಅವರ ಮಂಡಿನೋವು ನೆನೆದು ನನ್ನ ಗಂಡ ವಿಮಾನದ ಟಿಕೆಟ್ ಮಾಡಿಸಿದರು. ಒಂದು ಗಂಟೆಯ ಹಾರಾಟ. ಆದರೆ ಏರ್‌ಪೋರ್ಟ್ ಸೇರುವುದಕ್ಕೇ ಎರಡು ಗಂಟೆ ಬೇಕು. ಲಗ್ಗೆರೆ ದಾಟಿ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಾಗ ಅತ್ತೆ, “ಎಡಕ್ಕೆ ತಿರುಗಿದ್ರೆ ಹುಬ್ಬಳ್ಳಿ ದಾರಿ ಅಲ್ವೇನಪ್ಪಾ?” ಎಂದು ಡ್ರೈವರನ್ನು ಕೇಳಿದರು.

“ಹೌದಮ್ಮಾ. ಹಂಗೇ ಹೋಗಿದ್ರೆ ನೀವು ವಿಮಾನ ಹತ್ತೋ ಹೊತ್ಗೆ ಚಿತ್ರದುರ್ಗದಲ್ಲಿ ತಿಂಡಿ ತಿಂತಿದ್ವಿ.”

ವಿಮಾನ ಮೇಲೇಳುವಾಗ ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಧೈರ್ಯ ಬಂದು ಕಣ್ಣು ತೆರೆಯುವಷ್ಟರಲ್ಲಿ ಇಳಿಯುವ ಸೂಚನೆ ಕೇಳಿಸಿತು. “ಇಷ್ಟೇನಾ?” ಎಂದರು.

ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅಮ್ಮ ಬಾಗಿಲಲ್ಲೇ, “ಬರ್ರೀ ಬರ್ರೀ, ದಣಿವಾಗಿಲ್ಲಲ್ರೀ?” ಎಂದು ಉಪಚರಿಸಿದಳು.

“ಆಯಾಸ ಏನಿಲ್ಲ. ನಿಮ್ಮ ಮಗಳ ಜೊತೆ ನಾಲ್ಕು ಮಾತಾಡಕ್ಕೂ ಆಗ್ಲಿಲ್ಲ ನೋಡಿ. ವಾಪಸ್ಸು ಕಾರಲ್ಲೇ ಹೋಗ್ತೀವಿ.”

ನಾನು ಬೇಡವೆಂದರೂ ಕೇಳಲಿಲ್ಲ. ಬರುವ ದಾರಿಯಲ್ಲಿ ಕಾಲು ಚಾಚಲು ಐದು ಕಡೆ ನಿಲ್ಲಿಸಿದೆವು. ರಾಣೆಬೆನ್ನೂರಿನ ಹತ್ತಿರ ಮಿರ್ಚಿ ಬಜ್ಜಿ ತಿಂದೆವು. ತೀರಿಹೋದ ಮಾವನವರ ಬಗ್ಗೆ ಯಾವತ್ತೂ ಹೇಳಿರದ ಸಂಗತಿಗಳನ್ನು ಅತ್ತೆ ಹಿರಿಯೂರಿನವರೆಗೆ ಹೇಳುತ್ತಲೇ ಬಂದರು. ನಡುವೆ ಒಮ್ಮೆ ಅತ್ತರು, ಆಮೇಲೆ ತಾವೇ ನಕ್ಕರು. ಮನೆ ಮುಟ್ಟುವ ಹೊತ್ತಿಗೆ ಹತ್ತು ಗಂಟೆ ಹಿಡಿದಿತ್ತು, ಅತ್ತೆಯ ಮಂಡಿ ಊದಿತ್ತು. ನನ್ನ ಗಂಡ ಇಬ್ಬರಿಗೂ ಸೇರಿಸಿ ಬೈದರು. ಅವರು ಒಳಗೆ ಹೋದ ಮೇಲೆ ಅತ್ತೆ ನನ್ನ ಕಡೆ ನೋಡಿ, “ಬೈಕೊಳ್ಲಿ ಬಿಡು” ಎಂದರು.