ಲಖನನ ಬಲತೋಳು

ಭೋಜ ಎಂಬ ಹಳ್ಳಿಯ ಲಖನನ ಬಲತೋಳು ಚರಿತ್ರೆಗೆ ಸೇರಬೇಕಾದ ತೋಳು. ಶತ್ರುಗಳ ಮೇಲೆ ಅದು ಒಮ್ಮೆಯೂ ಎದ್ದದ್ದಿಲ್ಲ, ಎದ್ದದ್ದೆಲ್ಲ ಕಬ್ಬಿನ ಹೊರೆಯನ್ನು ಟ್ರ್ಯಾಲಿಗೆ ಎಸೆಯಲು. ಆದರೂ ಅದನ್ನು ನೋಡಿಯೇ ಅಂಕಲಿ, ರಾಯಬಾಗ, ಕುಡಚಿಗಳ ಹುಡುಗರು ದೇಶ ಕಾಯಲು ಹೊರಟರು.

ಲಖನನ ತಾಯಿ ತುಳಸವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಹನ್ನೆರಡನೆಯ ತರಗತಿಯವರೆಗೆ ಓದಿಸಿದ್ದಳು. ಆಮೇಲೆ ಅವನು ನಿಪ್ಪಾಣಿಯಲ್ಲಿ ಕಾಕಾಸಾಹೇಬರ ಸೈನಿಕ ತರಬೇತಿ ಅಕಾಡೆಮಿ ಸೇರಿದ. ಅಕಾಡೆಮಿಯೆಂದರೆ ಒಂದು ತಗಡಿನ ಶೆಡ್ಡು, ಎರಡು ಕಬ್ಬಿಣದ ಕಂಬ, ನಲವತ್ತು ಹುಡುಗರು. ಕಾಕಾಸಾಹೇಬರು ನಿವೃತ್ತ ಹವಾಲ್ದಾರರು. ಹಿಮದ ಕಣಿವೆಯೊಂದನ್ನು ತಾವೊಬ್ಬರೇ ಮೂರು ದಿನ ಹಿಡಿದಿಟ್ಟ ಕತೆಯನ್ನು ಅವರು ಓಟದ ನಡುವೆ ಕಂತು ಕಂತಾಗಿ ಹೇಳುತ್ತಿದ್ದರು.

೨೦೧೪ರಲ್ಲಿ ಊರಿನ ಟಾಕೀಸಿಗೆ ಒಂದು ಹಿಂದಿ ಯುದ್ಧದ ಪಿಕ್ಚರ್ ಬಂತು. ಕಾಕಾಸಾಹೇಬರು ನಲವತ್ತೂ ಹುಡುಗರನ್ನು ಜೋಡಿಸಾಲಿನಲ್ಲಿ ಮ್ಯಾಟಿನಿಗೆ ಮಾರ್ಚ್ ಮಾಡಿಸಿದರು. ಕೊನೆಯ ಕಾಳಗದಲ್ಲಿ ನಾಯಕನ ಅಂಗಿಯ ತೋಳು ಹರಿದು, ರಟ್ಟೆಯ ಮೇಲೆ ಹಚ್ಚೆ ಹಾಕಿಸಿದ ಹುಲಿ ಗರ್ಜಿಸಿತು. ಟಾಕೀಸು ಸೀಟಿಯಲ್ಲಿ ಮುಳುಗಿತು. ಆ ನಾಯಕ ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ಅರ್ಜಿ ತುಂಬಲಿಲ್ಲ, ಸಾಲಿನಲ್ಲಿ ನಿಲ್ಲಲಿಲ್ಲ, ಬನಿಯನ್ ಒಗೆಯಲಿಲ್ಲ. ಪಿಕ್ಚರ್ ಮುಗಿದಾಗ ಗಡಿ ಸುರಕ್ಷಿತವಾಗಿತ್ತು. ಅಪಾಯದಲ್ಲಿದ್ದವರು ನಿಪ್ಪಾಣಿಯ ಹುಡುಗರಷ್ಟೇ.

ಲಖನ ಅದನ್ನು ಒಂಬತ್ತು ಸಲ ನೋಡಿದ. ಹತ್ತನೆಯ ಸಲಕ್ಕೆ ಹೋಗುವ ಬದಲು ಚಿಕ್ಕೋಡಿ ಸಂತೆಗೆ ಹೋಗಿ ಬಲರಟ್ಟೆಗೆ ಅದೇ ಹುಲಿಯನ್ನು ಹಾಕಿಸಿಕೊಂಡು ಬಂದ. ಮಷಿನ್ನಿನವನ ಕೈ ನಡುಗಿತೋ ಏನೋ, ಹುಲಿಗೆ ಹಲ್ಲುನೋವು ಬಂದಂತಿತ್ತು. ತುಳಸವ್ವ ಸಿಟ್ಟಾಗಲಿಲ್ಲ. ಅವಳ ಮುಂಗೈ ತುಂಬ ತವರಿನಲ್ಲಿ ಹಾಕಿಸಿದ ಹಚ್ಚೆಯಿತ್ತು. ಸತ್ತ ಮೇಲೂ ಸಂಗಡ ಬರುವ ಒಡವೆ ಅದೊಂದೇ ಎಂದು ಅವಳು ನಂಬಿದ್ದಳು.

ಕಾಕಾಸಾಹೇಬರಿಗಂತೂ ನಿಧಿ ಸಿಕ್ಕಿತು. ಬನಿಯನ್ ತೊಟ್ಟ ಲಖನ, ಮುಂದೆ ಚಾಚಿದ ಹುಲಿತೋಳು, ಕೆಳಗೆ ‘ನೀನು ಯಾವಾಗ?’ ಎಂಬ ಪ್ರಶ್ನೆ. ಹತ್ತಡಿ ಎತ್ತರದ ಈ ಫ್ಲೆಕ್ಸು ಬಸ್ ಸ್ಟ್ಯಾಂಡಿನೆದುರು ಏರಿತು.

ಮರುವರ್ಷ ಬೆಳಗಾವಿಯಲ್ಲಿ ಸೈನ್ಯದ ಭರ್ತಿ ನಡೆಯಿತು. ಲಖನನಿಗೆ ಇಪ್ಪತ್ತೊಂದು ತುಂಬಲು ಎರಡೇ ತಿಂಗಳಿತ್ತು. ಇದು ತಪ್ಪಿದರೆ ವಯಸ್ಸು ಮೀರುತ್ತಿತ್ತು. ಅವನು ಸಾವಿರದಾರುನೂರು ಮೀಟರನ್ನು ಕುದುರೆಯಂತೆ ಓಡಿದ. ಎದೆ ಬೇಕಾದಷ್ಟು ಉಬ್ಬಿತು. ಮೆಡಿಕಲ್‌ನಲ್ಲಿ ಬನಿಯನ್ ತೆಗೆಸಿದ ಡಾಕ್ಟರು ಹುಲಿಯನ್ನು ನೋಡಿ, ಇದೆಲ್ಲಿಂದ ಬಂತು ಎಂದು ಹಿಂದಿಯಲ್ಲಿ ಕೇಳಿದರು. ಲಖನ ಹೆಮ್ಮೆಯಿಂದ ಪಿಕ್ಚರ್ ಹೆಸರು ಹೇಳಿದ. ತಮಗೂ ಅದು ಬಹಳ ಇಷ್ಟವಾಯಿತೆಂದು ಡಾಕ್ಟರು ಒಪ್ಪಿಕೊಂಡರು. ಆದರೆ ಹಚ್ಚೆ ಮುಂಗೈಯ ಒಳಬದಿಗಷ್ಟೇ ನಡೆಯುತ್ತದೆ, ರಟ್ಟೆಗೆ ನಡೆಯುವುದಿಲ್ಲ ಎಂದು ಕಾಗದದ ಮೇಲೆ ಕೆಂಪು ಗೀಟು ಎಳೆದರು.

ಲಖನ ಬೆಳಗಾವಿಯಿಂದ ನೆಟ್ಟಗೆ ತಗಡಿನ ಶೆಡ್ಡಿಗೆ ಬಂದ.

“ಸಾಹೇಬ್ರ, ಈ ಹಚ್ಚಿ ನಡ್ಯಂಗಿಲ್ಲಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು. ಹಿಂದಿನ ಭರ್ತ್ಯಾಗ ಇಬ್ಬರನ್ನ ವಾಪಸ್ ಕಳಿಸಿದ್ರು.”

“ಮತ್ತ ಒಂದ್ ಮಾತು ಹೇಳಲಿಲ್ಲಲ್ರಿ.”

“ನೀ ಹಾಕಿಸ್ಕೊಂಡ ಬಂದಿದ್ದಿ. ಹೇಳಿದ್ರ ಅಳಸಾಕ ಬರ್ತಿತ್ತೇನಲೇ? ನಿನ್ನ ತೋಳು ನೋಡಿ ಅರವತ್ತು ಹುಡುಗ್ರು ಬಂದಾರ.”

ಗಡಿ ಕಾದವರು ಹಿಂಗ ಮಾಡಬಹುದೇನ್ರಿ ಎಂದು ಲಖನ ಕೇಳಿದ. ಕಾಕಾಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಯಾವ ಗಡಿ? ನಾನೂ ಪಿಕ್ಚರ್ ನೋಡೇ ಸೇರಿದಾಂವ. ಹದಿನೇಳು ವರ್ಷ ಅಡಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚೇನಿ. ಅದನ್ನ ಹೇಳಿದ್ರ ಯಾಂವ ನಸುಕಿನ್ಯಾಗ ಎದ್ದು ಓಡ್ತಾನ?”

ಲಖನ ಹಟ ಹಿಡಿದದ್ದಕ್ಕೆ ಫ್ಲೆಕ್ಸ್ ಇಳಿಸುವುದಾಗಿ ಮಾತು ಕೊಟ್ಟರು, ಇಳಿಸಲಿಲ್ಲ. ಒಂದು ಭಾನುವಾರ ಅಂಕಲಿಯ ಸಮಾಧಾನ ಎಂಬ ಹುಡುಗ ಗೆಳೆಯನೊಂದಿಗೆ ಲಖನನ ಮನೆ ಹುಡುಕಿಕೊಂಡು ಬಂದ. ಇಬ್ಬರೂ ತೋಳು ಮಡಚಿದರು. ಎರಡು ಹೊಸ ಹುಲಿಗಳು, ಇನ್ನೂ ಊದಿಕೊಂಡಿದ್ದವು. ಲಖನ ನಡೆದದ್ದೆಲ್ಲ ಹೇಳಿದ, ಕೆಂಪು ಗೀಟಿನ ಕಾಗದ ತೋರಿಸಿದ. ಸಮಾಧಾನ ಅದನ್ನು ಓದಲೂ ಇಲ್ಲ.

“ನೀವು ಫೇಲ್ ಆದ್ರಿ ಅಂತ ನಮ್ಮ ಕಾಲ್ಯಾಕ ಎಳೀತೀರಿ, ಅಣ್ಣಾ?”

ಮರುದಿನ ಮಟಮಟ ಮಧ್ಯಾಹ್ನ ಲಖನ ಕುಡಗೋಲು ಹಿಡಿದು ಫ್ಲೆಕ್ಸಿನ ಕಂಬ ಏರಿದ. ಪುರಸಭೆಯವನಿರಬೇಕೆಂದು ಯಾರೂ ತಡೆಯಲಿಲ್ಲ. ತನ್ನ ತೋಳನ್ನು ಭುಜದಿಂದ ಕೊಯ್ದು, ಚಾಪೆಯಂತೆ ಸುತ್ತಿ ಬಗಲಲ್ಲಿಟ್ಟುಕೊಂಡು ಇಳಿದ. ಅಂದು ಅವನಿಗೆ ಹೊಟ್ಟೆ ತುಂಬ ಊಟ ಸೇರಿತು.

ಕಾಕಾಸಾಹೇಬರು ಹರಿದ ಫ್ಲೆಕ್ಸನ್ನು ಬದಲಿಸಲಿಲ್ಲ. ಕೆಳಗಿನ ಪ್ರಶ್ನೆಯ ಮೇಲೆ ಹೊಸ ಪಟ್ಟಿ ಅಂಟಿಸಿದರು: ‘ದೇಶಕ್ಕಾಗಿ ಕೊಟ್ಟ ಕೈ’.

ವಾರದ ನಂತರ ಲಖನ ತಾಯಿಯೊಂದಿಗೆ ಚಿಕ್ಕೋಡಿ ಬಸ್ಸಿನಲ್ಲಿ ನಿಂತಿದ್ದ. ಬಸ್ಸು ಫ್ಲೆಕ್ಸನ್ನು ದಾಟುವಾಗ ಭೀಮಸಿ ಎಂಬ ಮುದುಕ ರುಮಾಲು ತೆಗೆದು ಕೈಮುಗಿದ. ಆ ತಮ್ಮ ಯಾವ ಲಡಾಯಿಯಲ್ಲಿ ಕೈ ಕಳೆದುಕೊಂಡನೋ ಎಂದು ಪಕ್ಕದವರನ್ನು ಕೇಳಿದ. ಕಾಶ್ಮೀರದಲ್ಲಿ ಎಂದು ಯಾರೋ ಖಚಿತವಾಗಿ ಹೇಳಿದರು.

“ಅಜ್ಜಾ, ಅಂವ ನಾನ ಅದೀನ್ರಿ,” ಎಂದ ಲಖನ.

ಮುದುಕ ಮೇಲಿನ ಸರಳು ಹಿಡಿದಿದ್ದ ಅವನ ಎರಡೂ ಕೈಗಳನ್ನು ನೋಡಿದ.

“ಸುಮ್ಮನಿರಪಾ,” ಎಂದ. “ಅಂಥಾವ್ರ ಹೆಸರ್ಲೆ ಚೇಷ್ಟಿ ಮಾಡಬಾರ್ದು.”