ನನ್ನ ಬೆನ್ನುಮೂಳೆಯ ಇನ್ನೊಂದು ಪ್ರತಿ

ನೋವು ಮೊದಲು ಬಂದದ್ದು ಸೀರೆ ಮಡಿಸುವಾಗ. ಜಯನಗರದ ನಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಗಿರಾಕಿಗಳು ಬಿಡಿಸಿ ನೋಡಿ ಬೇಡವೆಂದ ಸೀರೆಗಳನ್ನು ಮಡಿಸಿಡುತ್ತಿದ್ದೆ. ಬೆನ್ನಿನ ನಟ್ಟನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಒತ್ತಿದವರು ಬೆರಳು ತೆಗೆಯಲೇ ಇಲ್ಲ.

ಬಟ್ಟೆ ಅಂಗಡಿಯವರಿಗೆ ಬೆನ್ನುನೋವು ಹೊಸದಲ್ಲ. ತಿಪಟೂರು ಕಡೆಯಿಂದ ಬಂದು ಈ ಅಂಗಡಿ ಹಾಕಿದ ನಮ್ಮ ಮಾವನವರಿಗೂ ಇತ್ತು. ಮುಲಾಮು ಹಚ್ಚಿದೆ. ಬಿಸಿನೀರಿನ ಶಾಖ ಕೊಟ್ಟೆ. ಸಂಜೆಯಾದರೆ ಮೈ ಸ್ವಲ್ಪ ಬಿಸಿಯೇರುತ್ತಿತ್ತು, ಸೆಕೆ ಇರಬೇಕು ಅಂದುಕೊಂಡೆ. ರವಿಕೆಗಳೆಲ್ಲ ಸಡಿಲವಾದವು. ಡಯಟ್ ಮಾಡುತ್ತಿದ್ದೀರಾ ಎಂದು ಗಿರಾಕಿಗಳು ಕೇಳಿದರು. ಸುಳ್ಳೇಕೆ, ಖುಷಿಯೇ ಆಯಿತು.

ಒಂದು ದಿನ ಗಾದಿಯಿಂದ ಏಳಲು ಆಗಲಿಲ್ಲ.

ನಮ್ಮ ಯಜಮಾನರು ರುದ್ರೇಶ್ ಮತ್ತು ಪಕ್ಕದ ಅಂಗಡಿಯವರು ಸೇರಿ ಎತ್ತಿ ಆಟೋದಲ್ಲಿ ಕೂರಿಸಿದರು. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಎಂ.ಆರ್.ಐ. ಆಯಿತು, ಸಿ.ಟಿ. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಬಯಾಪ್ಸಿ ತೆಗೆದರು. ಕ್ಯಾನ್ಸರ್ ಇರಬಹುದೇ ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು.

ಕ್ಯಾನ್ಸರ್ ಆಗಿರಲಿಲ್ಲ. ಬೆನ್ನುಮೂಳೆಯ ಟಿ.ಬಿ.

ನಾನು ಕೆಮ್ಮಿದವಳೇ ಅಲ್ಲ. ಟಿ.ಬಿ. ಎಂದರೆ ಎದೆಯ ಕಾಯಿಲೆ ಎಂದಷ್ಟೇ ತಿಳಿದಿದ್ದೆ. ಅದು ಮೂಳೆಯೊಳಗೂ ಹೋಗಿ ಕೂರಬಹುದು, ಸದ್ದಿಲ್ಲದೆ ಮೂಳೆಯನ್ನೇ ತಿನ್ನಬಹುದು ಎಂದು ಸರ್ಜನ್ ಡಾ. ಪ್ರಭಾಕರ್ ವಿವರಿಸಿದರು. ಎರಡು ಮೂಳೆಗಳು ಹಾಳಾಗಿದ್ದವು. ಅವುಗಳ ಸುತ್ತ ಕೀವು ತುಂಬಿತ್ತು. ಶ್ವಾಸಕೋಶ ಚೆನ್ನಾಗಿದೆ, ಮನೆಯವರಿಗೆ ಹರಡುವ ಭಯವಿಲ್ಲ ಎಂದರು. ಅತ್ತೆಯವರು ಇದನ್ನು ಅವರ ಬಾಯಿಂದ ಎರಡು ಸಲ ಕೇಳಿಸಿಕೊಂಡರು. ಮುಂದೆ ನಾನು ಶ್ರೀನಗರದ ನಮ್ಮ ಮನೆಗೆ ಬಂದ ಮೇಲೆ ನನ್ನ ತಟ್ಟೆಯಲ್ಲಿದ್ದ ರಾಗಿಮುದ್ದೆಯಿಂದಲೇ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡರು. ನೋಡಲು ಬಂದು ಬಾಗಿಲಲ್ಲೇ ನಿಂತಿದ್ದ ನೆಂಟರಿಗೆ ಕಾಣುವ ಹಾಗೆ.

ಆಸ್ಪತ್ರೆಯಲ್ಲಿರುವಾಗಲೇ ಔಷಧಿ ಶುರುವಾಯಿತು. ಆದರೆ ಡಾಕ್ಟರ ಮುಂದೆ ಇನ್ನೊಂದು ಪ್ರಶ್ನೆ ಇತ್ತು. ತಿಂದುಹೋದ ಆ ಎರಡು ಮೂಳೆಗಳು ನನ್ನ ಭಾರ ಹೊರುತ್ತವೆಯೋ, ಕುಸಿಯುತ್ತವೆಯೋ? ಕುಸಿದರೆ ಬೆನ್ನುಹುರಿ ಒತ್ತಿಹೋಗಿ ಕಾಲುಗಳೇ ಹೋಗಬಹುದು. ಸ್ಕ್ರೂ, ರಾಡ್ ಹಾಕಿ ಭದ್ರ ಮಾಡಬಹುದು, ಆದರೆ ಅದು ದೊಡ್ಡ ಆಪರೇಷನ್, ನನಗೆ ಸಕ್ಕರೆ ಕಾಯಿಲೆ ಬೇರೆ ಇದೆ.

"ಮೂಳೆ ನೋಡಿದ್ರೆ ಆಪರೇಷನ್ ಮಾಡ್ಬೇಕು ಅನ್ಸುತ್ತೆ, ನಿಮ್ಮ ಕಾಲಿನ ಶಕ್ತಿ ನೋಡಿದ್ರೆ ಬೇಡ ಅನ್ಸುತ್ತೆ," ಎಂದರು. "ನಮ್ಮಲ್ಲಿ ಇದನ್ನೇ ಸ್ಟಡಿ ಮಾಡೋರು ಒಬ್ರಿದ್ದಾರೆ. ಅವರೂ ನೋಡ್ಲಿ. ಇದಿನ್ನೂ ರಿಸರ್ಚು, ಕೊನೆಗೆ ನಿರ್ಧಾರ ನಂದು, ನಿಮ್ದು."

ಹಾಗೆ ಬಂದವರು ನಾಜಿಯಾ. ತಿಲಕ್ ನಗರದವರು, ನನಗಿಂತ ಎಷ್ಟೋ ಚಿಕ್ಕವರು. ಡಾಕ್ಟರೇಟ್ ಮಾಡಿದ್ದು ಎಂಜಿನಿಯರಿಂಗಿನಲ್ಲಂತೆ. ಸೋಂಕು ತಗುಲಿದ ಮೂಳೆಗಳ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಳೆದು, ಆ ಮೂಳೆಯನ್ನು ಅಲ್ಲಿ ಮತ್ತೆ ಕಟ್ಟುವುದು ಅವರ ಕೆಲಸ. ಬ್ರೆಡ್ ಹೋಳುಗಳ ಹಾಗೆ ಪದರ ಪದರವಾಗಿ ಬಂದ ಚಿತ್ರಗಳಲ್ಲಿ ಎಲ್ಲಿ ಗಟ್ಟಿ ಮೂಳೆ, ಎಲ್ಲಿ ಟೊಳ್ಳು, ಎಲ್ಲಿ ಕೀವು ಎಂದು ಕಂಪ್ಯೂಟರ್ ಗುರುತು ಹಾಕುತ್ತದೆ, ಅದು ತಪ್ಪಿದ ಕಡೆ ತಾವೇ ಕೂತು ತಿದ್ದುತ್ತಾರೆ. ಆಮೇಲೆ ಆ ಮೂಳೆಯ ಮೇಲೆ ಭಾರ ಹಾಕಿ ನೋಡುತ್ತಾರೆ.

ವಾರ್ಡಿಗೆ ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಹೇಗೆ ಕೂರುತ್ತೀರಿ, ಕಾಲು ಮಡಿಸಿಯೋ ಚಾಚಿಯೋ? ಸೀರೆ ಗಂಟನ್ನು ಬಗ್ಗಿ ಎತ್ತುತ್ತೀರೋ, ಎಳೆದುಕೊಳ್ಳುತ್ತೀರೋ? ಮೇಲಿನ ಕಪಾಟಿನಿಂದ ಸೀರೆ ತೆಗೆಯುವಾಗ ಯಾವ ಕೈ? ಇಪ್ಪತ್ತು ವರ್ಷಗಳಿಂದ ದಿನವೂ ಮಾಡಿದ ಕೆಲಸ. ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಮಲಗಿದಲ್ಲೇ ಕೈಯಾಡಿಸಿ ತೋರಿಸಿದೆ. ಮೂಳೆ ಹೊರಬೇಕಾದದ್ದು ಈ ಭಾರಗಳನ್ನೇ, ಅದಕ್ಕೇ ಇವು ನನಗೆ ತಿಳಿಯಬೇಕು ಎಂದರು.

ಕೆಲವು ದಿನಗಳ ನಂತರ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅವರ ಕೋಣೆಗೆ ಕರೆದೊಯ್ದರು. ಪರದೆಯ ಮೇಲೆ ನನ್ನ ಬೆನ್ನುಮೂಳೆ ಇತ್ತು. ಎರಡು ಮೂಳೆಗಳ ಮುಂಭಾಗ ಇಲಿ ಕಚ್ಚಿದ ಹಾಗೆ ಸವೆದಿತ್ತು. ನನ್ನೊಳಗಿನದನ್ನು ಹಾಗೆ ಹೊರಗಿನಿಂದ ನೋಡುವಾಗ ನನ್ನ ಕೈ ತಾನಾಗಿ ಬೆನ್ನಿಗೆ ಹೋಯಿತು. ರುದ್ರೇಶ್ ನನ್ನ ಭುಜದ ಮೇಲೆ ಕೈ ಇಟ್ಟರು.

ನಾಜಿಯಾ ಪರದೆಯಲ್ಲಿ ಆ ಮೂಳೆಯನ್ನು ನಿಂತ ಭಂಗಿಗೆ ತಂದು ಭಾರ ಹಾಕಿದರು. ತಡೆದುಕೊಂಡ ಕಡೆ ಹಸಿರು, ಮೀರಿದ ಕಡೆ ಕೆಂಪು ಬರುತ್ತದಂತೆ. ಹಸಿರು. ಬೆನ್ನಿಗೆ ಆಸರೆಯಾಗುವ ಬ್ರೇಸ್ ತೊಡಿಸಿ ನಡೆಸಿದರು. ಹಸಿರು, ಅಂಚಿನಲ್ಲಿ ಸ್ವಲ್ಪ ಹಳದಿ. ನೆಲದ ಮೇಲೆ ಕೂರಿಸಿ ಮುಂದಕ್ಕೆ ಬಗ್ಗಿಸಿದರು.

ಇಡೀ ಮೂಳೆ ಕೆಂಪಾಯಿತು.

"ಇದು ನೀವು ಸೀರೆ ಗಂಟು ಎತ್ತೋ ಪೋಸು ಆಂಟಿ," ಎಂದರು. "ಇದೊಂದನ್ನ ಮಾಡ್ಲೇಬಾರ್ದು. ಬ್ರೇಸ್ ಹಾಕ್ಕೊಂಡು ನಿಂತ್ರೆ, ನಡೆದ್ರೆ ತಡ್ಕೊಳ್ಳುತ್ತೆ ಅಂತ ನನ್ನ ಲೆಕ್ಕ. ಆದ್ರೆ ಲೆಕ್ಕ ಅಷ್ಟೇ. ಕಾಲು ಜೋಮು ಹಿಡಿದ್ರೆ ಲೆಕ್ಕ ನಂಬ್ಕೊಂಡು ಕೂರ್ಬೇಡಿ, ತಕ್ಷಣ ಬನ್ನಿ."

ಡಾ. ಪ್ರಭಾಕರ್ ಅದನ್ನು ನೋಡಿದರು, ನನ್ನ ಕಾಲುಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ಸದ್ಯಕ್ಕೆ ಆಪರೇಷನ್ ಬೇಡ ಎಂದು ತೀರ್ಮಾನವಾಯಿತು.

ಮನೆ ನನ್ನ ಸುತ್ತ ಬದಲಾಯಿತು. ಎದೆಯಿಂದ ಸೊಂಟದವರೆಗೆ ಬಿಗಿಯುವ ಬ್ರೇಸ್. ಮಾತ್ರೆಗಳಿಂದ ಓಕರಿಕೆ, ಕಿತ್ತಳೆ ಬಣ್ಣದ ಮೂತ್ರ. ಪೂಜೆಗೆ ನೆಲದ ಮೇಲೆ ಕೂರುವಂತಿಲ್ಲ, ಲಿಂಗಪೂಜೆಯನ್ನು ಕುರ್ಚಿಯಲ್ಲೇ ಮಾಡಿದೆ. ತಲೆ ಬಾಚುವುದು ಅತ್ತೆಯವರ ಪಾಲಿಗೆ ಬಂತು, ಅಡುಗೆ ರುದ್ರೇಶ್ ಪಾಲಿಗೆ. ಅವರ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಬಗ್ಗಬೇಕೆನಿಸಿದಾಗಲೆಲ್ಲ ಆ ಕೆಂಪು ಕಣ್ಣೆದುರು ಬರುತ್ತಿತ್ತು. ಬಗ್ಗಬೇಡ ಎಂದು ಯಾರು ಎಷ್ಟು ಸಲ ಹೇಳಿದ್ದರೂ ನಾನು ಮರೆಯುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಮರೆಯಲಾಗಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಮತ್ತೆ ಎಂ.ಆರ್.ಐ. ಮಾಡಿದರು.

ಕೀವು ಇನ್ನೂ ಉದ್ದವಾಗಿತ್ತು.

ಮೊದಲು ಇದ್ದ ಜಾಗದಿಂದ ಕೆಳಗೆ, ಸೊಂಟದ ಸ್ನಾಯುವಿನವರೆಗೆ ಇಳಿದಿತ್ತು. ಔಷಧಿಗೆ ಬಗ್ಗದ ಟಿ.ಬಿ. ಇರಬಹುದೇನೋ ಎಂದು ಡಾಕ್ಟರು ಹೇಳುವಾಗ ಅವರ ದನಿ ಬದಲಾಗಿತ್ತು. ಹಾಗಿದ್ದರೆ ಬೇರೆ ಔಷಧಿ, ಬಹುಶಃ ಆಪರೇಷನ್ ಕೂಡ. ಯಾವ ಔಷಧಿಗೆ ಕ್ರಿಮಿ ಸಾಯುತ್ತದೆಂದು ಹೇಳುವ, ಬಯಾಪ್ಸಿಯ ಕಲ್ಚರ್ ವರದಿ ಇನ್ನೂ ಬಂದಿರಲಿಲ್ಲ. ಅಡ್ಮಿಟ್ ಆದೆ. ಮೊದಲ ಸಲ ಅತ್ತದ್ದು ಅಂದು. ಬ್ರೇಸಿನೊಳಗೆ ಸರಿಯಾಗಿ ಅಳಲೂ ಆಗುವುದಿಲ್ಲ.

ನಾಜಿಯಾ ಎರಡೂ ಸ್ಕ್ಯಾನುಗಳನ್ನು ತೆಗೆದುಕೊಂಡು ಹೋದರು. ಮರುದಿನ ಮಧ್ಯಾಹ್ನ ಡಾ. ಪ್ರಭಾಕರ್ ಜೊತೆಗೇ ವಾರ್ಡಿಗೆ ಬಂದು, ಲ್ಯಾಪ್‌ಟಾಪ್ ಅನ್ನು ನನ್ನ ಊಟದ ಮೇಜಿನ ಮೇಲೆ ಇಟ್ಟರು. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಒಂದರ ಮೇಲೊಂದು ಕೂರಿಸಿದ್ದರು. ಪದರ ಪದರವಾಗಿ ಅಳೆದಾಗ ಕೀವು ಉದ್ದವಾಗಿತ್ತು ನಿಜ, ಆದರೆ ಒಟ್ಟು ಪ್ರಮಾಣ ಕಡಿಮೆಯಾಗಿತ್ತು. ಮೂಳೆಯ ಪಕ್ಕದ ದಪ್ಪ ಚೀಲ ಬರಿದಾಗುತ್ತ, ಉಳಿದದ್ದು ಸಣ್ಣ ಎಳೆಯಾಗಿ ಕೆಳಕ್ಕೆ ಜಾರಿತ್ತು.

ರುದ್ರೇಶ್ ಕೇಳಿದರು, "ಮೇಡಂ, ಹೀಗಾಗುತ್ತೆ ಅಂತ ನಿಮ್ಮ ಕಂಪ್ಯೂಟರ್‌ಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಅಂಕಲ್. ನಾನು ಮೂಳೆ ಬಗ್ಗೆ ಲೆಕ್ಕ ಹಾಕಿದ್ದೆ. ಕೀವು ಹೀಗೆ ಇಳಿಯುತ್ತೆ ಅಂತ ನನ್ನ ಮಾಡೆಲ್‌ನಲ್ಲಿ ಇರ್ಲಿಲ್ಲ. ಇನ್ಮೇಲೆ ಸೇರಿಸ್ಬೇಕು."

ಆಸ್ಪತ್ರೆಯಲ್ಲಿ ಗೊತ್ತಿಲ್ಲ ಎನ್ನುವ ಮಾತು ಕೇಳಿ ಧೈರ್ಯ ಬರುತ್ತದೆಂದು ನಾನು ಎಣಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಇಷ್ಟು ಸಲೀಸಾಗಿ ಒಪ್ಪುವವರು ಗೊತ್ತಿದೆ ಎಂದು ಹೇಳಿದ್ದನ್ನು ನಂಬಬಹುದು ಅನ್ನಿಸಿತು. ಡಾ. ಪ್ರಭಾಕರ್ ಬಗ್ಗೆಯೂ ಗೌರವ ಹೆಚ್ಚಿತು. ತಮ್ಮ ಕಣ್ಣಿಗೆ ಕಂಡದ್ದಕ್ಕೂ ಆ ಹುಡುಗಿಯ ಅಳತೆಗೂ ವ್ಯತ್ಯಾಸವಿದ್ದಾಗ ಅವರು ಕುರ್ಚಿ ಎಳೆದುಕೊಂಡು ಕೂತು, ಪ್ರತಿ ಪದರವನ್ನೂ ಮತ್ತೊಮ್ಮೆ ತೋರಿಸು ಎಂದು ಕೇಳಿದ್ದರು. ಔಷಧಿ ಬದಲಿಸುವ ಮುನ್ನ ಕಲ್ಚರ್ ವರದಿಗೆ ಕಾಯೋಣ ಎಂದರು. ಉಳಿದ ಕೀವನ್ನು ಸೂಜಿಯಿಂದ ಹೊರಗೆ ತೆಗೆದರು.

ವರದಿ ಬಂತು. ನಾನು ನುಂಗುತ್ತಿದ್ದ ಮಾತ್ರೆಗಳೇ ಸಾಕಾಗಿದ್ದವು.

ಆಮೇಲಿನದೆಲ್ಲ ನಿಧಾನದ ಕಥೆ. ಜ್ವರ ನಿಂತಿತು. ಸಾರಿನ ಉಪ್ಪಿನ ಬಗ್ಗೆ ಜಗಳವಾಡುವಷ್ಟು ಹಸಿವು ಮರಳಿತು. ಮುಂದಿನ ಸ್ಕ್ಯಾನಿನಲ್ಲಿ ಆ ಎರಡು ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದವು. ನನ್ನ ಚಿತ್ರಗಳನ್ನು, ಹೆಸರು ತೆಗೆದು, ಮುಂದಿನ ಅಧ್ಯಯನಕ್ಕೆ ಬಳಸಬಹುದೇ ಎಂದು ನಾಜಿಯಾ ಕೇಳಿದರು. ಕೀವು ಜಾರುವ ಬಗೆಯನ್ನು ಇಂಥ ಚಿತ್ರಗಳಿಂದಲೇ ಕಂಪ್ಯೂಟರಿಗೆ ಕಲಿಸಬೇಕಂತೆ. ಒಪ್ಪಿದೆ. ನನ್ನ ನೋವಿನಿಂದ ನನಗೆ ಏನು ಬಂತೋ ಗೊತ್ತಿಲ್ಲ. ಇನ್ಯಾರಿಗೋ ಒಂದು ದಿನದ ಅಳು ತಪ್ಪಬಹುದು.

ಬ್ರೇಸ್ ಬಿಚ್ಚಿದ್ದೇನೆ. ಮಾತ್ರೆಯ ಕೋರ್ಸ್ ಮುಗಿದಿದೆ. ಬೆನ್ನು ಪೂರ್ತಿ ನೆಟ್ಟಗಾಗಿಲ್ಲ, ಸಣ್ಣದೊಂದು ಬಾಗು ಉಳಿದಿದೆ, ಅದು ಇರುತ್ತದೆ. ಕಾಯಿಲೆ ಮತ್ತೆ ಬರುವುದೇ ಇಲ್ಲ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ನಾನೂ ಕೇಳಿಲ್ಲ. ಅಂಗಡಿಗೆ ಹೋಗುತ್ತೇನೆ, ಎತ್ತರದ ಕುರ್ಚಿಯಲ್ಲಿ ಕೂರುತ್ತೇನೆ.

ಕಳೆದ ವಾರ ನಾಜಿಯಾ ತಮ್ಮ ಅಮ್ಮನಿಗೆ ಸೀರೆ ಕೊಳ್ಳಲು ಬಂದಿದ್ದರು. ನಾನು ಎದ್ದು, ಎದುರಿನ ಗೋಡೆಯವರೆಗೆ ನಡೆದು, ತೋಳಿನ ಮೇಲೆ ಎರಡು ಸೀರೆ ಹಾಕಿಕೊಂಡು ವಾಪಸ್ ಬಂದೆ. ಅವರು ಸೀರೆ ನೋಡಲೇ ಇಲ್ಲ.

"ಆಂಟಿ, ಕಂಪ್ಯೂಟರ್‌ನಲ್ಲಿ ನಿಮ್ಮನ್ನ ಎಷ್ಟು ಸಲ ನಡೆಸಿದ್ದೀನೋ ಲೆಕ್ಕ ಇಲ್ಲ," ಎಂದರು. "ನೀವು ನಿಜವಾಗ್ಲೂ ನಡೆಯೋದನ್ನ ನಾನು ನೋಡ್ತಿರೋದು ಇವತ್ತೇ."

ನಿಜ. ಅವರು ನನ್ನನ್ನು ಕಂಡಿದ್ದು ಹಾಸಿಗೆಯಲ್ಲಿ, ಇಲ್ಲವೇ ಗಾಲಿಕುರ್ಚಿಯಲ್ಲಿ. ನಾನು ಸೀರೆಗಳನ್ನು ಅವರ ಮುಂದೆ ಇಟ್ಟೆ. ಇನ್ನೂ ಒಂದು ಒಳ್ಳೆಯ ಬಣ್ಣ ಇದೆ ಎಂದು ನೆಪ ಹೇಳಿ, ಅವರು ನೋಡುತ್ತಿರಲಿ ಎಂದು, ಗೋಡೆಯವರೆಗೆ ಇನ್ನೊಮ್ಮೆ ನಡೆದೆ.